ಕೆಲಸ ಹೋದವರೇ ಮಾಲೀಕರಾದ ಕಾಫಿ ಹೌಸ್

ತಿರುವನಂತಪುರದ ರೈಲ್ವೆ ಸ್ಟೇಷನ್ ಇರೋ ತಂಪಾನೂರಿನಲ್ಲಿ, ಬಸ್ ಸ್ಟ್ಯಾಂಡಿನ ಹತ್ತಿರ, ಕೆಂಪು ಇಟ್ಟಿಗೆಯ ಒಂದು ವಿಚಿತ್ರ ಕಟ್ಟಡ ಇದೆ. ದೂರದಿಂದ ನೋಡಿದ್ರೆ ಯಾರೋ ಒಂದು ದೊಡ್ಡ ಸ್ಪ್ರಿಂಗನ್ನ ನೆಲದ ಮೇಲೆ ನಿಲ್ಲಿಸಿದ ಹಾಗೆ. ಒಳಗೆ ಹೋದರೆ ಮಹಡಿಗಳೇ ಇಲ್ಲ. ಒಂದೇ ಇಳಿಜಾರು, ಸುತ್ತುತ್ತಾ ಸುತ್ತುತ್ತಾ ಮೇಲಕ್ಕೆ ಹೋಗುತ್ತೆ. ಹೊರಗೋಡೆಗೆ ಅಂಟಿಕೊಂಡ ಹಾಗೆ ಕಟ್ಟಿದ ಮೇಜು, ಕಟ್ಟಿದ ಬೆಂಚು. ನಡೆಯುವ ನೆಲ ಓರೆ, ಆದರೆ ಮೇಜು ಮಟ್ಟಸ. ಲೋಟದ ನೀರು ಚೆಲ್ಲಲ್ಲ. ಗೋಡೆಯ ಉದ್ದಕ್ಕೂ ಇಟ್ಟಿಗೆ ಬಿಟ್ಟು ಬಿಟ್ಟು ಜಾಲಂಧ್ರ ಮಾಡಿದ್ದಾರೆ, ಗಾಳಿ ಬೆಳಕು ಎರಡೂ ಅಲ್ಲಿಂದಲೇ. ಕಟ್ಟಡ ವಿನ್ಯಾಸ ಮಾಡಿದವರು ಲಾರಿ ಬೇಕರ್. ನಮ್ಮ ಸಿವಿಲ್‌ನವರಿಗೆ ಈ ಹೆಸರು ಹೇಳಬೇಕಾಗಿಲ್ಲ. ಉಳಿದವರಿಗೆ, ಕಡಿಮೆ ಖರ್ಚಿನಲ್ಲಿ ಇಟ್ಟಿಗೆಯಿಂದಲೇ ಚೆಂದದ ಮನೆ ಕಟ್ಟಿ ತೋರಿಸಿದ, ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದವರೇ ಆಗಿಹೋದ ವಾಸ್ತುಶಿಲ್ಪಿ.

ನಾವು ನಾಲ್ಕು ಜನ ಅಲ್ಲಿಗೆ ಹೋಗಿದ್ದು ಕಟ್ಟಡ ನೋಡೋಕೆ. ಕೂತು ಆರ್ಡರ್ ಮಾಡಿದ್ದು ಮಸಾಲೆ ದೋಸೆ. ದೋಸೆ ಬಿಚ್ಚಿದ್ರೆ ಒಳಗಿನ ಪಲ್ಯ ಗುಲಾಬಿ ಬಣ್ಣ! ಆಲೂಗಡ್ಡೆ ಜೊತೆ ಬೀಟ್‌ರೂಟ್. ಬೆಂಗಳೂರಿನ ದರ್ಶಿನಿಯಲ್ಲಿ ಹೀಗೆ ಕೊಟ್ಟರೆ ಜಗಳ ಆಗುತ್ತೆ. ತಂದುಕೊಟ್ಟ ಸಪ್ಲೈಯರ್ ಬಿಳಿ ಯೂನಿಫಾರ್ಮ್, ಸೊಂಟಕ್ಕೆ ಅಗಲವಾದ ಪಟ್ಟಿ, ತಲೆ ಮೇಲೆ ಬೀಸಣಿಗೆ ಬಿಚ್ಚಿದ ಹಾಗಿರೋ ಪೇಟ. ಥೇಟ್ ಹಳೇ ಬ್ರಿಟಿಷ್ ಕ್ಲಬ್ಬಿನ ಬಟ್ಲರ್. ಗಲ್ಲಾಪೆಟ್ಟಿಗೆ ಹಿಂದೆ ಯಾರೋ ಓನರ್ ಕೂತಿರಬೇಕು ಅಂತ ನಾವು ಅಂದ್ಕೊಂಡಿದ್ವಿ. ಇಲ್ಲ. ಈ ಹೋಟೆಲಿಗೆ ಆ ಅರ್ಥದಲ್ಲಿ ಓನರ್ ಇಲ್ಲ. ಆ ಪೇಟ ಕಟ್ಟಿಕೊಂಡವರ ಸಂಘವೇ ಓನರ್. ದೇಶದಲ್ಲಿ ಸುಮಾರು 400 ಶಾಖೆಗಳಿರುವ ಇಂಡಿಯನ್ ಕಾಫಿ ಹೌಸ್ ನಡೀತಿರೋದು ಹೀಗೆ. ಈ ಏರ್ಪಾಟಿನ ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಪ್ಲೇಸ್‌ಮೆಂಟ್ ಸೀಸನ್ ನಡೀತಿರುವಾಗ, ಅದೂ ವಾರಕ್ಕೊಂದು ಲೇಆಫ್ ಸುದ್ದಿ ಓದ್ತಿರುವಾಗ, ಈ ಕಥೆ ಗೊತ್ತಿರಲಿ ಅಂತ ಬರೀತಿದ್ದೀನಿ. ಯಾಕಂದ್ರೆ ಇದು ಶುರುವಾಗೋದೇ ಒಂದು ದೊಡ್ಡ ಲೇಆಫ್‌ನಿಂದ.

ಸ್ವಲ್ಪ ಹಿಂದಕ್ಕೆ ಹೋಗೋಣ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದ ಐತಿಹ್ಯ ಎಲ್ಲರಿಗೂ ಗೊತ್ತು, ಅದನ್ನ ಬಿಡ್ತೀನಿ. ನಮಗೆ ಬೇಕಾಗಿರೋದು 1930ರ ದಶಕ. ಜಗತ್ತಿನ ಆರ್ಥಿಕ ಕುಸಿತದಲ್ಲಿ ಕಾಫಿ ಬೆಲೆ ನೆಲಕಚ್ಚಿತ್ತು. ಇಲ್ಲಿ ಬೆಳೆದ ಕಾಫಿಗೆ ನೆಚ್ಚಿಕೊಂಡಿದ್ದು ಹೊರದೇಶದ ಮಾರುಕಟ್ಟೆಯನ್ನ. ದಕ್ಷಿಣದ ಕೆಲವು ಊರು, ಕೆಲವು ಮನೆಗಳನ್ನ ಬಿಟ್ಟರೆ ಭಾರತದಲ್ಲಿ ಕಾಫಿ ಕುಡಿಯುವವರೇ ಕಡಿಮೆ. ಹಾಗಾಗಿ 1935ರಲ್ಲಿ ಕಾನೂನು ಮಾಡಿ, ಕಾಫಿ ಮೇಲೆ ಒಂದು ಸೆಸ್ ಹಾಕಿ, ಆ ದುಡ್ಡಲ್ಲಿ ಕಾಫಿಗೆ ಪ್ರಚಾರ ಕೊಡೋಕೆ ಕಾಫಿ ಸೆಸ್ ಕಮಿಟಿ ಅಂತ ಮಾಡಿದ್ರು. ಆ ಕಮಿಟಿ 1936ರಲ್ಲಿ ಮುಂಬೈನ ಚರ್ಚ್‌ಗೇಟ್‌ನಲ್ಲಿ ಒಂದು ಕಾಫಿ ಅಂಗಡಿ ತೆರೀತು. ಹೆಸರು ಇಂಡಿಯಾ ಕಾಫಿ ಹೌಸ್.

ಅಂದರೆ ಮೊದಲ ಕಾಫಿ ಹೌಸ್ ಒಂದು ಜಾಹೀರಾತು. ಲಾಭ ಮಾಡೋಕೆ ಅಂತ ಹುಟ್ಟಿದ್ದಲ್ಲ. ಜನರಿಗೆ ಕಾಫಿ ಚಟ ಹತ್ತಿಸೋಕೆ ಹುಟ್ಟಿದ್ದು. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಫ್ರೀ ಟ್ರಯಲ್ ಥರ, ಆದರೆ ಕಪ್ಪಿಗೆ ಕಾಸು ಕೊಡಬೇಕು. ಐಡಿಯಾ ಕೆಲಸ ಮಾಡಿತು. 1940ರ ದಶಕದ ಹೊತ್ತಿಗೆ ಸುಮಾರು 50 ಶಾಖೆ ಆದವು. ಆ ನಡುವೆ ಎರಡನೇ ಮಹಾಯುದ್ಧ ಬಂದು ಯುರೋಪಿನ ಮಾರುಕಟ್ಟೆ ಮುಚ್ಚಿಹೋಯ್ತು. 1942ರ ಕಾಯ್ದೆಯಡಿ ಕಾಫಿ ಬೋರ್ಡ್ ಬಂತು. ಬೆಳೆಗಾರರು ತಮ್ಮ ಬೆಳೆಯನ್ನ ಬೋರ್ಡಿನ ಪೂಲ್‌ಗೆ ಕೊಡಬೇಕು, ಬೋರ್ಡೇ ಮಾರಿ ಹಣ ಕೊಡುತ್ತೆ. ಕೊಡಗು, ಹಾಸನ, ಚಿಕ್ಕಮಗಳೂರಿನ ಕಡೆಯವರು ಮನೇಲಿ ಅಜ್ಜನ ಹತ್ರ ಕೇಳಿ ನೋಡಿ, ಪೂಲ್ ಪಾಯಿಂಟು, ಕಂತು ಕಂತಾಗಿ ಬರ್ತಿದ್ದ ದುಡ್ಡು ಅಂತ ಅರ್ಧ ಗಂಟೆ ಬಯ್ತಾರೆ. ಈ ಪದ್ಧತಿ 1990ರ ದಶಕದವರೆಗೂ ಇತ್ತು. ಒಟ್ಟಿನಲ್ಲಿ, ಕಾಫಿ ಹೌಸ್‌ಗಳು ಸರ್ಕಾರಿ ಸಂಸ್ಥೆಯೊಂದರ ಅಂಗಡಿಗಳಾದವು. ಅಲ್ಲಿನ ಅಡುಗೆಯವರು, ಸಪ್ಲೈಯರುಗಳು, ಕ್ಲೀನರುಗಳು ಎಲ್ಲರೂ ಬೋರ್ಡಿನ ಸಂಬಳದವರು.

1950ರ ದಶಕದ ಮಧ್ಯದಲ್ಲಿ ಬೋರ್ಡಿನ ಧೋರಣೆ ಬದಲಾಯ್ತು. ಅಂಗಡಿ ನಡೆಸೋದು ನಮ್ಮ ಕೆಲಸ ಅಲ್ಲ, ಮುಚ್ಚೋಣ ಅಂತ ತೀರ್ಮಾನ. ಮುಚ್ಚಿದ ಕಡೆಯೆಲ್ಲ ಕೆಲಸಗಾರರು ಬೀದಿಗೆ. ಯೋಚನೆ ಮಾಡಿ, ಇವರು ಇಪ್ಪತ್ತು ವರ್ಷದಿಂದ ಟ್ರೇ ಹಿಡಿದವರು. ಓದು ಕಡಿಮೆ, ಉಳಿತಾಯ ಇನ್ನೂ ಕಡಿಮೆ. ಆದರೆ ಒಂದು ವಿಷಯ ಇವರಿಗೆ ಬೋರ್ಡಿನ ಅಧಿಕಾರಿಗಳಿಗಿಂತ ಚೆನ್ನಾಗಿ ಗೊತ್ತಿತ್ತು: ಕಾಫಿ ಹೌಸ್ ನಡೆಸೋದು ಹೇಗೆ ಅಂತ.

ಇಲ್ಲಿ ಕಥೆಗೆ ಎ.ಕೆ. ಗೋಪಾಲನ್ ಬರ್ತಾರೆ. ನಮ್ಮ ಕಾನ್‌ಸ್ಟಿಟ್ಯೂಷನ್ ಪೇಪರಿನಲ್ಲಿ 'ಎ.ಕೆ. ಗೋಪಾಲನ್ ವರ್ಸಸ್ ಸ್ಟೇಟ್ ಆಫ್ ಮದ್ರಾಸ್' ಅಂತ 1950ರ ಒಂದು ಕೇಸ್ ಬರುತ್ತಲ್ಲ, ಮುಂಜಾಗ್ರತಾ ಬಂಧನದ್ದು, ಅದೇ ಗೋಪಾಲನ್. ಕೇರಳದ ಕಮ್ಯುನಿಸ್ಟ್ ನಾಯಕ, ಆಗ ಲೋಕಸಭಾ ಸದಸ್ಯ. ಮುಚ್ಚಬೇಡಿ ಅಂತ ಬೇಡಿಕೊಳ್ಳೋದರ ಬದಲು ನಮಗೇ ಕೊಡಿ ಅಂತ ಕೇಳಿ, ಸಹಕಾರ ಸಂಘ ಮಾಡಿಕೊಂಡು ನೀವೇ ನಡೆಸಿ ಅನ್ನೋ ದಾರಿಯನ್ನ ಅವರು ಕಾರ್ಮಿಕರ ಮುಂದೆ ಇಟ್ಟರು. ಯೂನಿಯನ್ನಿಗೆ ಇದು ಸಲೀಸಾದ ಮಾತಲ್ಲ ಅನ್ಸುತ್ತೆ ನನಗೆ. ನಿನ್ನೆಯವರೆಗೆ ಮ್ಯಾನೇಜ್‌ಮೆಂಟ್ ವಿರುದ್ಧ ಘೋಷಣೆ ಕೂಗಿದವರು ನಾಳೆಯಿಂದ ತಾವೇ ಮ್ಯಾನೇಜ್‌ಮೆಂಟ್. ಸಂಬಳ ಸಾಕಾಗಲ್ಲ ಅಂತ ಯಾರ ಹತ್ರ ಹೇಳೋದು? ಆದರೂ ಹೋರಾಟ ನಡೀತು, ಬೋರ್ಡ್ ಒಪ್ಪಬೇಕಾಯ್ತು.

ಬೆಂಗಳೂರಿನಲ್ಲಿ ಸಂಘ ಆದ ಎರಡೇ ತಿಂಗಳಿಗೆ, ಅಕ್ಟೋಬರ್ 27ಕ್ಕೆ, ದೆಹಲಿಯಲ್ಲಿ ಕಾರ್ಮಿಕರದ್ದೇ ಕಾಫಿ ಹೌಸ್ ತೆರೆಯಿತು. ಆಮೇಲೆ ಸಾಲುಸಾಲು. 1958ರ ಮಾರ್ಚ್‌ನಲ್ಲಿ ತ್ರಿಶ್ಶೂರು, ಅದಕ್ಕೆ ಹಿಂದುಮುಂದಾಗಿ ಪಾಂಡಿಚೇರಿ, ತಲಶ್ಶೇರಿ, ಲಖನೌ, ನಾಗಪುರ, ಜಬಲ್‌ಪುರ, ಕೋಲ್ಕತ್ತಾ, ಪುಣೆ. ಹೆಸರಿನಲ್ಲೂ ಒಂದು ಸಣ್ಣ ತಿದ್ದುಪಡಿ ಆಗಿದೆ, ಗಮನಿಸಿದ್ರಾ? ಬೋರ್ಡಿನ ಕಾಲದಲ್ಲಿ 'ಇಂಡಿಯಾ' ಕಾಫಿ ಹೌಸ್. ಕಾರ್ಮಿಕರ ಕೈಗೆ ಬಂದ ಮೇಲೆ 'ಇಂಡಿಯನ್' ಕಾಫಿ ಹೌಸ್. ಬೋರ್ಡಿನಲ್ಲಿ ಒಂದಕ್ಷರ ಸೇರಿಸಿದ ಖರ್ಚು, ಅಷ್ಟೇ.

ಈಗ ಇದರ ಒಳಗಿನ ಯಂತ್ರ ಹೇಗೆ ಕೆಲಸ ಮಾಡುತ್ತೆ ನೋಡೋಣ. ಸಹಕಾರ ಸಂಘ ಅಂದ್ರೆ ನಮಗೆ ತಕ್ಷಣ ನೆನಪಾಗೋದು ನಂದಿನಿ ಹಾಲು. ಅಲ್ಲಿ ಸದಸ್ಯರು ಹಾಲು ಹಾಕುವ ರೈತರು; ಡೈರಿಯಲ್ಲಿ ಮಷೀನ್ ನಡೆಸುವವರು ನೌಕರರು. ಕಾಫಿ ಹೌಸ್‌ನಲ್ಲಿ ಇದು ಉಲ್ಟಾ. ಇಲ್ಲಿ ಕೆಲಸ ಮಾಡುವವರೇ ಸದಸ್ಯರು. ಷೇರು ತಗೊಂಡು ಸದಸ್ಯರಾಗಬೇಕು, ಆದರೆ ಹತ್ತು ಷೇರು ಇದ್ದರೂ ವೋಟು ಒಂದೇ. ಕಂಪನಿಯಲ್ಲಿ ಒಂದು ಷೇರಿಗೆ ಒಂದು ವೋಟು. ಸಹಕಾರ ಸಂಘದಲ್ಲಿ ಒಬ್ಬ ಮನುಷ್ಯನಿಗೆ ಒಂದು ವೋಟು. ಕೇಳೋಕೆ ಚಿಕ್ಕ ವ್ಯತ್ಯಾಸ. ಇಡೀ ಸಂಸ್ಥೆಯ ಸ್ವಭಾವ ಇದರಿಂದಲೇ ಬದಲಾಗುತ್ತೆ. ಆಡಳಿತ ಮಂಡಳಿಯನ್ನ ಆರಿಸೋದು ಕಪ್ಪು ತೊಳೆಯುವವರೂ, ದೋಸೆ ಹುಯ್ಯುವವರೂ, ಬಿಲ್ ಬರೆಯುವವರೂ. ವರ್ಷದ ಲಾಭದಲ್ಲಿ ಒಂದು ಪಾಲು ಮೀಸಲು ನಿಧಿಗೆ ಹೋಗಲೇಬೇಕು, ಷೇರಿನ ಮೇಲಿನ ಡಿವಿಡೆಂಡಿಗೆ ಮಿತಿ ಇರುತ್ತೆ. ಹಾಗಾಗಿ ಸಂಘದ ಷೇರು ತಗೊಂಡು ಶ್ರೀಮಂತರಾಗೋಕೆ ಆಗಲ್ಲ. ಹೊರಗಿನ ಯಾರೋ ಬಂದು 51 ಪರ್ಸೆಂಟ್ ಕೊಂಡು ಇಡೀ ಸಂಸ್ಥೆಯನ್ನ ತಗೊಂಡು ಹೋಗೋಕೂ ಆಗಲ್ಲ.

ಬೆಳವಣಿಗೆಯ ವಿಷಯಕ್ಕೆ ಬಂದರೆ ಇದೇ ನಿಯಮ ಎರಡು ಕಡೆಯಿಂದ ಕೆಲಸ ಮಾಡಿದೆ. ಸ್ಟಾರ್ಟಪ್‌ನಲ್ಲಿ ಹೂಡಿಕೆದಾರರು ದುಡ್ಡು ಹಾಕೋದು ಮಾಲೀಕತ್ವದ ಪಾಲು ಸಿಗುತ್ತೆ, ನಾಳೆ ಅದನ್ನ ಹತ್ತು ಪಟ್ಟಿಗೆ ಮಾರಬಹುದು ಅಂತ. ಇಲ್ಲಿ ಮಾರೋಕೆ ಏನೂ ಇಲ್ಲ. ಹಾಗಾಗಿ ಹೊರಗಿನ ಬಂಡವಾಳ ಬರಲ್ಲ. ಹೊಸ ಶಾಖೆ ತೆರೀಬೇಕು ಅಂದ್ರೆ ಹಳೇ ಶಾಖೆಯ ಕಪ್ಪು ಕಪ್ಪು ಕಾಫಿಯಿಂದ ಉಳಿದ ದುಡ್ಡು, ಇಲ್ಲವೇ ಸಾಲ. ನಿಧಾನ. ಬಹಳ ನಿಧಾನ. ಆದರೆ ಈ ಕ್ವಾರ್ಟರ್‌ನಲ್ಲಿ ಇಷ್ಟು ಶಾಖೆ ತೆರೆಯಲೇಬೇಕು ಅಂತ ಕುತ್ತಿಗೆ ಮೇಲೆ ಕೂರುವವರೂ ಯಾರೂ ಇಲ್ಲ.

ಇನ್ನೊಂದು ವಿಷಯ. ನಾವು ಸುಲಭಕ್ಕೆ 'ಚೈನ್' ಅಂತೀವಿ, ಆದರೆ ಇದು ಒಂದೇ ಸಂಸ್ಥೆ ಅಲ್ಲ. ಸಂವಿಧಾನದಲ್ಲಿ ಸಹಕಾರ ಸಂಘಗಳು ರಾಜ್ಯಪಟ್ಟಿಯಲ್ಲಿವೆ. ಆಯಾ ರಾಜ್ಯದ ಕಾನೂನಿನ ಕೆಳಗೆ ಬೇರೆ ಬೇರೆ ಸಂಘ ನೋಂದಣಿ ಆದವು. ಹೀಗೆ ಹತ್ತಕ್ಕೂ ಹೆಚ್ಚು ಸಂಘಗಳಿವೆ, ಮೇಲೊಂದು ಒಕ್ಕೂಟ ಇದೆ. ಕೇರಳವೊಂದರಲ್ಲೇ ಎರಡು: ತ್ರಿಶ್ಶೂರಿನ ಸಂಘ ದಕ್ಷಿಣದ ಕಡೆಗೆ, ಕಣ್ಣೂರಿನ ಸಂಘ ಉತ್ತರದ ಕಡೆಗೆ. ಹೆಸರು ಒಂದೇ, ಪೇಟ ಹೆಚ್ಚುಕಮ್ಮಿ ಒಂದೇ, ಆದರೆ ಲೆಕ್ಕಪುಸ್ತಕ ಬೇರೆ, ಮೆನು ಬೇರೆ, ರೇಟೂ ಬೇರೆ. ಸಾಫ್ಟ್‌ವೇರ್‌ನವರಿಗೆ ಅರ್ಥ ಆಗೋ ಹಾಗೆ ಹೇಳಬೇಕಂದ್ರೆ, ಒಂದೇ ಕೋಡನ್ನ ಹತ್ತು ಜನ ಫೋರ್ಕ್ ಮಾಡಿಕೊಂಡು ತಮ್ಮ ತಮ್ಮ ಊರಿಗೆ ತಕ್ಕಂತೆ ಬೆಳೆಸಿದ ಹಾಗೆ. ಒಂದು ಕೆಟ್ಟರೆ ಇನ್ನೊಂದು ಕೆಡಲ್ಲ. ಒಂದರಲ್ಲಿ ಆದ ಸುಧಾರಣೆ ಇನ್ನೊಂದಕ್ಕೆ ತಾನಾಗಿ ಬರೋದೂ ಇಲ್ಲ.

ಹಾಗಾಗಿ ಬೆಳವಣಿಗೆ ಎಲ್ಲ ಕಡೆ ಒಂದೇ ಥರ ಆಗಲಿಲ್ಲ. ಕೇರಳದಲ್ಲಿ ಕಾಫಿ ಹೌಸ್ ಊಟದ ಹೋಟೆಲೇ ಆಗಿಹೋಯ್ತು: ದೋಸೆ, ಕಟ್ಲೆಟ್, ಬಿರಿಯಾನಿ, ಮೆಡಿಕಲ್ ಕಾಲೇಜು ಆಸ್ಪತ್ರೆ ಪಕ್ಕ ಒಂದು, ಬಸ್ ಸ್ಟ್ಯಾಂಡ್ ಪಕ್ಕ ಒಂದು. ಜಬಲ್‌ಪುರದ ಸಂಘ ಮಧ್ಯಪ್ರದೇಶ, ಛತ್ತೀಸಗಢದ ಊರೂರಿಗೆ ಹೋಯ್ತು. ಆ ಕಡೆಯವರಿಗೆ ಇಡ್ಲಿ ದೋಸೆ ಅಂದ್ರೆ ಕಾಫಿ ಹೌಸೇ. ಶಿಮ್ಲಾದ ಮಾಲ್ ರೋಡಿನಲ್ಲಿ ಬೆಟ್ಟದ ಚಳಿಗೆ ಕಾಫಿ ಕುಡಿಯುತ್ತಾ ರಾಜಕೀಯ ಮಾತಾಡೋ ಜಾಗ ಅದು.

ಕೋಲ್ಕತ್ತಾದ್ದು ಬೇರೆಯೇ ಕಥೆ. ಕಾಲೇಜ್ ಸ್ಟ್ರೀಟ್‌ನಲ್ಲಿ, ಪ್ರೆಸಿಡೆನ್ಸಿ ಕಾಲೇಜಿನ ಎದುರು ಆಲ್ಬರ್ಟ್ ಹಾಲ್ ಅನ್ನೋ ಹಳೇ ಸಭಾಂಗಣ. ಎತ್ತರದ ಸೂರು, ಉದ್ದ ಕೊಳವೆಯಿಂದ ನೇತಾಡೋ ಫ್ಯಾನು, ಸಿಗರೇಟು ಹೊಗೆ, ಗದ್ದಲ. ಒಂದು ಕಪ್ ಕಾಫಿ ಮುಂದಿಟ್ಟುಕೊಂಡು ಮೂರು ಗಂಟೆ ವಾದ ಮಾಡೋಕೆ ಬಂಗಾಳಿಗಳು 'ಅಡ್ಡಾ' ಅಂತಾರೆ. ನಮ್ಮಲ್ಲಿ ಹರಟೆಕಟ್ಟೆ ಅಂತೀವಲ್ಲ, ಅದು. ಸತ್ಯಜಿತ್ ರೇ, ಅಮರ್ತ್ಯ ಸೇನ್ ಕೂತ ಜಾಗ. ಮನ್ನಾ ಡೇ ಹಾಡಿದ ಈ ಕಾಫಿ ಹೌಸ್ ಕುರಿತ ಹಾಡನ್ನ ಗೊತ್ತಿಲ್ಲದ ಬಂಗಾಳಿ ನಮ್ಮ ಹಾಸ್ಟೆಲಿನಲ್ಲಿ ಸಿಕ್ಕಿದ್ರೆ ನನಗೆ ಹೇಳಿ. 1958ರಲ್ಲಿ ಇದು ಮುಚ್ಚಿತ್ತು. ಆಗ ಪ್ರೆಸಿಡೆನ್ಸಿ ಕಾಲೇಜು ಮತ್ತು ಕಲ್ಕತ್ತಾ ಯೂನಿವರ್ಸಿಟಿಯ ಮೇಷ್ಟ್ರುಗಳೇ ಸರ್ಕಾರಕ್ಕೆ ಮನವಿ ಕೊಟ್ಟರು, ಅದೇ ವರ್ಷ ಮತ್ತೆ ತೆರೆಯಿತು. ಕ್ಯಾಂಟೀನ್ ತೆರೆಯಿರಿ ಅಂತ ಪ್ರೊಫೆಸರುಗಳು ಅರ್ಜಿ ಹಾಕೋದು! ನಮ್ಮಲ್ಲಿ ಕ್ಯಾಂಟೀನಿಂದ ಎಬ್ಬಿಸಿ ಕ್ಲಾಸಿಗೆ ಓಡಿಸೋದೇ ಅವರ ಕೆಲಸ.

ಮೂರು ಗಂಟೆ ಕೂರೋಕೆ ಬಿಡೋದು ವ್ಯಾಪಾರದ ದೃಷ್ಟಿಯಿಂದ ದಡ್ಡತನ, ಒಪ್ಪೋಣ. ಹೋಟೆಲ್ ಲೆಕ್ಕದಲ್ಲಿ ಒಂದು ಟೇಬಲ್ ದಿನಕ್ಕೆ ಎಷ್ಟು ಸಲ ಖಾಲಿಯಾಗಿ ತುಂಬುತ್ತೆ ಅನ್ನೋದೇ ಮುಖ್ಯ. ದರ್ಶಿನಿಯಲ್ಲಿ ಕುರ್ಚಿಯೇ ಇಲ್ಲದಿರೋದು ಈ ಲೆಕ್ಕಕ್ಕೇ. ಬೈಟು ಕಾಫಿ ನಿಂತೇ ಕುಡಿದು ಐದು ನಿಮಿಷದಲ್ಲಿ ಜಾಗ ಬಿಡಬೇಕು. ಕಾಫಿ ಹೌಸ್‌ನಲ್ಲಿ ಯಾಕೆ ಎಬ್ಬಿಸಲ್ಲ? ಒಂದು ಕಾರಣ ಅಭ್ಯಾಸ. ಪ್ರಚಾರಕ್ಕೆ ಅಂತ ಹುಟ್ಟಿದ ಅಂಗಡಿ, ಜನ ಕೂತಷ್ಟೂ ಒಳ್ಳೇದು ಅಂತಿದ್ದ ಕಾಲದಿಂದ ಬಂದಿದ್ದು. ಇನ್ನೊಂದು ಕಾರಣ ಲೆಕ್ಕಾಚಾರದ್ದೇ ಅಂತ ನನ್ನ ಊಹೆ. ಹಳೇ ಬಾಡಿಗೆಯ ಜಾಗ, ಹೂಡಿಕೆದಾರರಿಗೆ ಕೊಡಬೇಕಾದ ಲಾಭ ಇಲ್ಲ. ಸಂಬಳ, ಸಾಮಾನು, ಕರೆಂಟು ಇಷ್ಟು ಹುಟ್ಟಿದರೆ ದಿನ ನಡೆಯುತ್ತೆ. ಹಾಗಾಗಿ ನಿಮ್ಮನ್ನ ಎಬ್ಬಿಸುವ ಅರ್ಜೆಂಟ್ ಯಾರಿಗೂ ಇಲ್ಲ.

ಆದರೆ 'ಹಳೇ ಬಾಡಿಗೆ' ಅನ್ನೋ ಆ ಒಂದು ಕಂಬ ಬಿದ್ದರೆ? ಬೆಂಗಳೂರಿನಲ್ಲಿ ಆಗಿದ್ದು ಅದೇ ಜಾತಿಯ ಪೆಟ್ಟು. ಎಂ.ಜಿ. ರೋಡಿನ ಕಾಫಿ ಹೌಸ್ ಅಂದ್ರೆ ನಮ್ಮ ಅಪ್ಪಂದಿರ ತಲೆಮಾರಿಗೆ ಒಂದು ವಿಳಾಸ. ಹಳೇ ಮರದ ಬೆಂಚುಗಳು, ಗೋಡೆ ಮೇಲೆ ಕಾಫಿ ಬೋರ್ಡ್ ಕಾಲದ ಪೋಸ್ಟರುಗಳು. 2009ರಲ್ಲಿ ಆ ಜಾಗ ಬಿಡಬೇಕಾಗಿ ಬಂತು. ಕೊನೇ ದಿನಗಳಲ್ಲಿ ಊರಿನ ಹಳೇ ಗಿರಾಕಿಗಳೆಲ್ಲ ಬಂದು ಕೂತು ಕಾಫಿ ಕುಡಿದರು, ಪೇಪರುಗಳಲ್ಲಿ ಬರೆದರು, ಬೇಜಾರು ಮಾಡಿಕೊಂಡರು. ಕಾಫಿ ಹೌಸ್ ಚರ್ಚ್ ಸ್ಟ್ರೀಟಿಗೆ, ಬ್ರಿಗೇಡ್ ಗಾರ್ಡನ್ಸ್ ಕಟ್ಟಡಕ್ಕೆ ಹೋಯಿತು. ಎಂ.ಜಿ. ರೋಡಿನಂಥ ಕಡೆ ಮಾರ್ಕೆಟ್ ಬಾಡಿಗೆ ಕೊಡುವಷ್ಟು ಕಾಫಿಗೆ ರೇಟು ಏರಿಸಿದರೆ ಅದು ಕಾಫಿ ಹೌಸ್ ಆಗಿ ಉಳಿಯಲ್ಲ. ಏರಿಸದಿದ್ದರೆ ಅಲ್ಲಿ ಉಳಿಯಲ್ಲ. ಕಾರ್ಮಿಕರಿಗೆ ಅಂಗಡಿ ಸಿಕ್ಕಿತ್ತು, ಅಂಗಡಿಯ ಕೆಳಗಿನ ನೆಲ ಸಿಕ್ಕಿರಲಿಲ್ಲ.

ಅಲ್ಲಿಂದ ನಡೆದುಕೊಂಡು ಹೋಗುವಷ್ಟು ದೂರದಲ್ಲಿ ಇನ್ನೊಂದು ಕಾಫಿ ಕಥೆ ಹುಟ್ಟಿದ್ದು ನಿಮಗೆಲ್ಲ ಗೊತ್ತು. 1996ರಲ್ಲಿ ಬ್ರಿಗೇಡ್ ರೋಡಿನಲ್ಲಿ ಮೊದಲ ಕೆಫೆ ಕಾಫಿ ಡೇ. ಚಿಕ್ಕಮಗಳೂರಿನ ಕಾಫಿ ತೋಟದ ಮನೆತನದ ವಿ.ಜಿ. ಸಿದ್ಧಾರ್ಥ ಅವರ ಕೂಸು. ಇಂಟರ್ನೆಟ್ ಅಂದ್ರೆ ಏನು ಅಂತಲೇ ಊರಿಗೆ ಗೊತ್ತಿಲ್ಲದ ಕಾಲದಲ್ಲಿ ಕಾಫಿ ಜೊತೆ ಇಂಟರ್ನೆಟ್ ಕೊಟ್ಟರು. ಪೂಲ್ ಪದ್ಧತಿ ಸಡಿಲವಾಗಿ ಬೆಳೆಗಾರರು ಸ್ವಂತವಾಗಿ ಮಾರಬಹುದು ಅಂತಾದ ಸಮಯ ಅದು; ತೋಟದಿಂದ ಕಪ್ಪಿನವರೆಗೆ ಒಬ್ಬರೇ ಮಾಡಬಹುದು ಅನ್ನೋದು ಆಗ ತಾನೇ ಸಾಧ್ಯವಾಗಿತ್ತು. 2019ರ ಹೊತ್ತಿಗೆ 1,700ಕ್ಕೂ ಹೆಚ್ಚು ಕೆಫೆಗಳು. ಇಂಡಿಯನ್ ಕಾಫಿ ಹೌಸ್ ಅರವತ್ತು ವರ್ಷದಲ್ಲಿ ಮಾಡಿದ್ದರ ನಾಲ್ಕು ಪಟ್ಟು, ಇಪ್ಪತ್ತಮೂರು ವರ್ಷದಲ್ಲಿ. ಆ ವರ್ಷದ ಜುಲೈನಲ್ಲಿ ಸಿದ್ಧಾರ್ಥ ತೀರಿಕೊಂಡರು. ಸಮೂಹದ ಮೇಲೆ ಸಾವಿರಾರು ಕೋಟಿ ಸಾಲ ಇತ್ತು. ಆಮೇಲಿನ ವರ್ಷಗಳಲ್ಲಿ ಸಾಲ ತೀರಿಸುತ್ತಾ ನೂರಾರು ಕೆಫೆಗಳನ್ನ ಮುಚ್ಚಬೇಕಾಯ್ತು.

ಇದನ್ನ ಓದಿ, ನೋಡಿದ್ರಾ, ಸಹಕಾರವೇ ಸರಿ, ಕಂಪನಿ ತಪ್ಪು ಅಂತ ನಾನು ಹೇಳ್ತೀನಿ ಅಂದ್ಕೋಬೇಡಿ. ಅಷ್ಟು ಸುಲಭ ಇಲ್ಲ. ಕೆಫೆ ಕಾಫಿ ಡೇ ಸಾವಿರಾರು ಹುಡುಗ ಹುಡುಗಿಯರಿಗೆ ಮೊದಲ ಕೆಲಸ ಕೊಟ್ಟಿದೆ, ಸಣ್ಣ ಊರುಗಳಲ್ಲಿ ಹುಡುಗಿಯರು ಧೈರ್ಯವಾಗಿ ಕೂತು ಮಾತಾಡೋ ಜಾಗ ಕೊಟ್ಟಿದೆ. ಕಾಫಿ ಹೌಸ್‌ನಲ್ಲಿ ಹಾಗಲ್ಲ, ಗಂಡಸರದೇ ರಾಜ್ಯ ಅನ್ನಿಸುತ್ತೆ. ತಂಪಾನೂರಿನಲ್ಲಿ ಆವತ್ತು ನಮಗೆ ಕಂಡ ಪೇಟಗಳೆಲ್ಲ ಗಂಡಸರ ತಲೆ ಮೇಲೇ. ಮೆನು ಅಪ್ಡೇಟ್ ಆಗೋದು ಅಪರೂಪ. ಕಾಫಿ ಬಗ್ಗೆಯೂ ನಿಜ ಹೇಳಿಬಿಡ್ತೀನಿ: ಸುಮಾರಾಗಿತ್ತು. ಮಲೆನಾಡಿನ ಮನೆಯ ಡಿಕಾಕ್ಷನ್ ಕುಡಿದು ಬೆಳೆದವರಿಗೆ ನೀರು ಅನ್ನಿಸಬಹುದು.

ನನ್ನನ್ನ ಕಾಡಿದ್ದು ಬೇರೆ. ನಮಗೆ ಎಂಟ್ರಪ್ರಿನ್ಯೂರ್‌ಶಿಪ್ ಪೇಪರಿನಲ್ಲಿ ಪ್ರೊಪ್ರೈಟರ್‌ಶಿಪ್, ಪಾರ್ಟ್‌ನರ್‌ಶಿಪ್, ಪ್ರೈವೇಟ್ ಲಿಮಿಟೆಡ್ ಎಲ್ಲ ಹೇಳಿಕೊಡ್ತಾರೆ. ಸಹಕಾರ ಸಂಘ ಅಂತ ಕೊನೆಗೆ ಎರಡು ಸಾಲು ಬರುತ್ತೆ, ಎರಡು ಮಾರ್ಕ್ಸಿನ ಪ್ರಶ್ನೆ. ಕಂಪನಿಯೊಂದು ಒಂದು ಇಡೀ ಟೀಮನ್ನ ಮನೆಗೆ ಕಳಿಸಿದಾಗ, ಆ ಟೀಮಿಗೇ ಆ ಪ್ರಾಡಕ್ಟ್ ಪೂರ್ತಿ ಗೊತ್ತಿರುತ್ತೆ. ಪ್ರಾಡಕ್ಟನ್ನ ನಮಗೇ ಕೊಡಿ, ನಾವು ನಡೆಸ್ತೀವಿ ಅಂತ ಅವರು ಕೇಳಿದ್ದನ್ನ ನಾನಂತೂ ಕೇಳಿಲ್ಲ. ಕೇಳಿದರೆ ಕೊಡ್ತಾರಾ? ಬೋರ್ಡ್ ಸರ್ಕಾರದ್ದಾಗಿತ್ತು, ಪಾರ್ಲಿಮೆಂಟಿನಲ್ಲಿ ಮಾತಾಡೋಕೆ ಗೋಪಾಲನ್ ಇದ್ದರು, ಹಿಂದೆ ಯೂನಿಯನ್ ಇತ್ತು. ಸರ್ವರ್, ಪೇಟೆಂಟ್ ಅನ್ನೋ ಗೊಡವೆ ಇರಲಿಲ್ಲ, ಬೇಕಾಗಿದ್ದು ಒಲೆ, ಪಾತ್ರೆ, ಕಪ್ಪು. ಇಷ್ಟೆಲ್ಲ ವ್ಯತ್ಯಾಸ ಇದೆ, ಗೊತ್ತು. ಆದರೂ ತಂಪಾನೂರಿನ ಆ ಇಳಿಜಾರಿನಲ್ಲಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಟ್ರೇ ಹಿಡಿದು ನಡೀತಿದ್ದವರನ್ನ ನೋಡುವಾಗ, ಮುಂದಿನ ಆಡಳಿತ ಮಂಡಳಿ ಚುನಾವಣೆಯಲ್ಲಿ ಇವರಿಗೊಂದು ವೋಟಿದೆ ಅನ್ನೋದು ತಲೆಯಿಂದ ಹೋಗಲಿಲ್ಲ. ನಾನು ನಾಳೆ ಸೇರೋ ಕಂಪನಿಯಲ್ಲಿ ನನಗೆ ಅದು ಇರಲ್ಲ.

ತಿರುವನಂತಪುರಕ್ಕೆ ಹೋದರೆ ಮೇಲಿನ ಸುತ್ತಿನವರೆಗೂ ಹತ್ತಿ ಹೋಗಿ ಕೂರಿ, ಜಾಲಂಧ್ರದಿಂದ ಬರುವ ಗಾಳಿ ಅಲ್ಲೇ ಚೆನ್ನಾಗಿರೋದು. ಕಟ್ಲೆಟ್ ತಗೊಳ್ಳಿ. ಅದರಲ್ಲೂ ಬೀಟ್‌ರೂಟ್ ಇರುತ್ತೆ, ನಾನು ಮೊದಲೇ ಹೇಳಿರ್ತೀನಿ.